ನಮ್ಮಕ್ಕನೂ ನನ್ನ ಇಲ್ಲದ ಹೃದ್ರೋಗವೂ

ಈ ಸಂಗತಿ ಬರೆಯಬೇಕೆಂದು ನಾನು ಕೂತಾಗಲೆಲ್ಲ ಏನಾದರೊಂದು ಅಡ್ಡಿ ಬರುತ್ತಿತ್ತು. ಒಮ್ಮೆ ರೀಫಿಲ್ ಮುಗಿಯಿತು. ಒಮ್ಮೆ ಕನ್ನಡಕ ಸಿಗಲಿಲ್ಲ; ಅರ್ಧ ದಿನ ಹುಡುಕಿದ ಮೇಲೆ ಮೂಗಿನ ಮೇಲೇ ಸಿಕ್ಕಿತು. ಹೀಗೆ ಮುಂದೆ ಹಾಕುತ್ತ ಹಾಕುತ್ತ ಮುದುಕನಾದೆ. ನಿಜ ಹೇಳಬೇಕೆಂದರೆ ಹೆದರಿಕೆ. ಇನ್ನೂ ತಡ ಮಾಡಿದರೆ ಹೇಳಲು ನಾನೇ ಇರುವುದಿಲ್ಲ ಎಂಬ ಅದಕ್ಕಿಂತ ದೊಡ್ಡ ಹೆದರಿಕೆ ಈಗ ಬಂದಿರುವುದರಿಂದ ಹೇಳಿಬಿಡುತ್ತೇನೆ: ನನಗೆ ಹೃದ್ರೋಗ ಬಂದದ್ದು ನಮ್ಮಕ್ಕನಿಂದ. ಅದೂ ಹೃದಯಕ್ಕೆ ಏನೂ ಆಗದೆ!

ನಾವು ಬಳ್ಳಾರಿ ಕಡೆಯವರು. ನಾನು ಹೈಸ್ಕೂಲು ಮುಗಿಸಿ ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯ ಕ್ರೇನ್ ಆಪರೇಟರ್ ಆದೆ, ಗಾಜುವಾಕದಲ್ಲಿ ಮನೆ ಮಾಡಿದೆ. ಅಕ್ಕ ರೈಲ್ವೆಯವರನ್ನು ಮದುವೆಯಾಗಿ ವಿಜಯವಾಡ ಸೇರಿದಳು. ಭಾವ ತೀರಿಕೊಂಡ ಮೇಲೂ ಇಂದ್ರಕೀಲಾದ್ರಿಯ ಬುಡದ ಎರಡು ಕೋಣೆಯ ಮನೆ ಬಿಡಲಿಲ್ಲ. ಕುದಿಯುವ ಉಕ್ಕಿನ ಕೊಪ್ಪರಿಗೆಯನ್ನು ತೂಗಿಸಿಕೊಂಡು ಹೋಗುವಾಗ ನಡುಗದ ನನ್ನ ಕೈ ಅಕ್ಕನ ಫೋನ್ ಎತ್ತುವಾಗ ನಡುಗುತ್ತಿತ್ತು. ಅವಳು ‘ಹಲೋ’ ಅನ್ನುತ್ತಿರಲಿಲ್ಲ. “ಲೇ ತಮ್ಮಾ, ಒಂದು ಕೆಲಸ ಐತೆ” ಅನ್ನುತ್ತಿದ್ದಳು. ಯಾವ ವೈರಿನಲ್ಲಿದೆ ಹೇಳಿ ಇಂಥ ಶಾಕು!

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವಳು ಮಾಡಿದ ಕೆಲಸಕ್ಕೆ ಬಂಧುಗಳೆಲ್ಲ ಬಾಯಿ ಬಿಟ್ಟರು. ಅಲ್ಲೊಂದು ಟ್ರಸ್ಟ್ ಇತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದ, ತಂದೆತಾಯಿ ಪತ್ತೆಯಾಗದ ಮಕ್ಕಳನ್ನು ಅದು ಒಪ್ಪಿದ ಮನೆಗಳಲ್ಲಿಟ್ಟು ಸಾಕಿಸುತ್ತಿತ್ತು. ದತ್ತು ಅಲ್ಲ, ಮಗು ದೊಡ್ಡದಾಗುವವರೆಗೆ ಮನೆಯವರದು ಮನೆ, ಟ್ರಸ್ಟಿನದು ಬೆನ್ನಾಸರೆ. ಅಕ್ಕ ಅರ್ಜಿ ಹಾಕಿ ಹನ್ನೆರಡರ ಒಂದು ಹುಡುಗಿಯನ್ನು ಮನೆಗೆ ಕರೆತಂದಳು.

ಆ ಹುಡುಗಿ ಮಲಗುವಾಗಲೂ ಚಪ್ಪಲಿ ಬಿಚ್ಚುತ್ತಿರಲಿಲ್ಲ. ಯಾವ ಗಳಿಗೆಯಲ್ಲಿ ಯಾರು ಎಬ್ಬಿಸಿ ಓಡಿಸುತ್ತಾರೋ ಎಂಬ ಭಯ. ಬೇರೆಯವರಾಗಿದ್ದರೆ ಬೈದು ಬಿಚ್ಚಿಸುತ್ತಿದ್ದರು, ಇಲ್ಲವೇ ಮುದ್ದು ಮಾಡಿ ಬಿಚ್ಚಿಸುತ್ತಿದ್ದರು. ನಮ್ಮಕ್ಕ ತಾನೂ ಚಪ್ಪಲಿ ಹಾಕಿಕೊಂಡು ಮಲಗಿದಳು! ನಾನು ಹೋದಾಗ ನೋಡುತ್ತೇನೆ, ಮಟಮಟ ಮಧ್ಯಾಹ್ನ ಒಂದೇ ಚಾಪೆಯ ಮೇಲೆ ನಾಲ್ಕು ಚಪ್ಪಲಿ.

“ಇದೇನಕ್ಕಾ ಹುಚ್ಚು?”

“ಓಡೋದಾದ್ರೆ ಇಬ್ರೂ ಓಡಾಣ ಅಂತ ಮಾತಾಗೈತೆ. ನೀನು ಸುಮ್ಕಿರು.”

ಒಂದು ತಿಂಗಳಾದ ಮೇಲೆ ಹುಡುಗಿ ತಾನಾಗಿಯೇ ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟಳಂತೆ. ಅಕ್ಕ ಇನ್ನೆರಡು ದಿನ ಹಾಕಿಕೊಂಡೇ ಮಲಗಿದಳು. ಕೇಳಿದರೆ, “ನಂಗೆ ಅಭ್ಯಾಸ ಆಗಿಬಿಟ್ಟೈತಲ್ಲೋ!”

ದಾನ ಕೊಡುವವರಂತೂ ಅವಳ ಬೀದಿಗೆ ಬರಲು ನಡುಗುತ್ತಿದ್ದರು. ಮಗನ ಹುಟ್ಟುಹಬ್ಬಕ್ಕೆಂದು ಒಬ್ಬ ವ್ಯಾಪಾರಿ ಫೋಟೊದವನ ಸಮೇತ ಮಿಠಾಯಿ ಡಬ್ಬಿ ತಂದ. ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: “ನಿಮ್ಮ ಮಗ ಯಾವ ಲೆಕ್ಕದ ಮೇಷ್ಟ್ರ ಹತ್ರ ಹೋಗ್ತಾನಂಡಿ?” ಅವನು ಹೆಮ್ಮೆಯಿಂದ ಹೇಳಿದ. “ಹಂಗಾದ್ರೆ ಮಿಠಾಯಿ ವಾಪಸ್ ಒಯ್ರಿ, ಆ ಮೇಷ್ಟ್ರನ್ನ ಕೊಡ್ರಿ!” ಮರುದಿನದಿಂದ ಹುಡುಗಿ ಅದೇ ಟ್ಯೂಷನ್ನಿನಲ್ಲಿ, ಅವನ ಮಗನ ಪಕ್ಕದಲ್ಲೇ ಕೂತಳು. ಹಲ್ಲಿನ ಡಾಕ್ಟರೊಬ್ಬರು ಬಟ್ಟೆ ಕೊಡಲು ಬಂದು ಹಲ್ಲು ನೋಡಿ ಹೋದರು. ಪಾಪ, ಬಟ್ಟೆಯ ಗಂಟು ಅವರ ಕೈಯಲ್ಲೇ ಉಳಿಯಿತು.

ಟ್ರಸ್ಟ್ ಕೊಟ್ಟ ಹೊಸ ಯೂನಿಫಾರಂ ಅಳತೆಗೆ ಸರಿಯಾಗಿತ್ತು. ಅದೇ ಅಕ್ಕನಿಗೆ ಸಿಟ್ಟು. ಲಂಗವನ್ನು ಒಳಮೈ ಹೊರಗೆ ಮಾಡಿ ಆಫೀಸಿನ ಮೇಜಿನ ಮೇಲೆ ಹರಡಿದಳಂತೆ. “ಒಳಗೆ ಮಡಿಕೆ ಎಲ್ಲೈತೆ? ನಿಮ್ಮ ಮಗಳಿಗೆ ಹೊಲಿಸುವಾಗ ನಾಲ್ಕು ಬೆರಳು ಮಡಿಸಿ ಹೊಲಿಸ್ತೀರಿ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡೋಕೆ. ಇವಳಿಗೆ ಮುಂದಿನ ವರ್ಷ ಇಲ್ಲೇನು?” ಅಂದಿನಿಂದ ಟ್ರಸ್ಟಿನ ಎಲ್ಲ ಮಕ್ಕಳ ಬಟ್ಟೆಗೂ ಮಡಿಕೆ ಬಂತು. ಬೀದಿ ಕೊನೆಯ ದರ್ಜಿ ಅದನ್ನು ಬಿಟ್ಟಿಯಾಗಿ ಹೊಲಿದುಕೊಟ್ಟ. ಸಂತೋಷದಿಂದಲೋ ಅಕ್ಕನ ಭಯದಿಂದಲೋ, ನಾನು ವಿಚಾರಿಸಲಿಲ್ಲ.

ಇಷ್ಟೆಲ್ಲ ಹೇಳಿ ನಗಿಸುತ್ತಿದ್ದೇನಲ್ಲ, ನನ್ನ ಸರದಿ ಬರದಿರಲಿ ಎಂಬ ಆಸೆ. ಆದರೂ ಬಂತು.

ಐದು ವರ್ಷದಲ್ಲಿ ಆ ಹುಡುಗಿ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮುಗಿಸಿದಳು. ವಿಶಾಖಪಟ್ಟಣದಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಫೋನ್ ಬಂತು.

“ಲೇ ತಮ್ಮಾ, ಒಂದು ಕೆಲಸ ಐತೆ. ಫೀಸು, ಪುಸ್ತಕ, ಬಸ್ ಪಾಸು ಎಲ್ಲಾ ಟ್ರಸ್ಟಿಂದು. ಮೂರು ವರ್ಷ ಮನೆ ಮಾತ್ರ ನಿಂದು.”

“ಅಕ್ಕಾ, ಅದು... ಮನೇಲಿ...”

“ಯಾಕೋ ಹೆದರ್ತೀಯ? ಹುಲಿ ಕಳಿಸ್ತಿಲ್ಲಪಾ, ಹುಡುಗಿ ಕಳಿಸ್ತೀನಿ!”

ಹುಲಿಯಾಗಿದ್ದರೆ ವಾಸಿಯಿತ್ತು, ಯಾರೂ ಇಟ್ಟುಕೋ ಅನ್ನುತ್ತಿರಲಿಲ್ಲ. ನನ್ನ ಮಗಳ ಮದುವೆಯಾಗಿ ಅವಳ ಕೋಣೆ ಖಾಲಿಯೇ ಇತ್ತು. ಹೆಂಡತಿ ಅದನ್ನು ಗುಡಿಸಿ ಹಾಸಿಗೆ ಬಿಸಿಲಿಗೆ ಹಾಕಿಯೂ ಆಗಿತ್ತು. ನನಗೋ ಊಟ ಸೇರಲಿಲ್ಲ. ಅಕ್ಕಪಕ್ಕದವರು ಯಾರ ಮಗಳು ಎಂದು ಕೇಳಿದರೆ? ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ, ನಾಳೆ ಏನಾದರೂ ಆದರೆ ಪೊಲೀಸರು ನನ್ನನ್ನೇ ಕರೆದರೆ? ಬಾಯಲ್ಲಿ ಇಷ್ಟು ಹೇಳುತ್ತಿದ್ದೆ. ಒಳಗಿದ್ದದ್ದು ಇನ್ನೂ ಕೊಳಕು: ಯಾವ ಮನೆಯದೋ, ಯಾವ ಪ್ಲಾಟ್‌ಫಾರ್ಮಿನದೋ. ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಟ್ರಸ್ಟಿನ ಅಧಿಕಾರಿಣಿ ಮನೆ ನೋಡಲು ಬಂದರು, ಜೊತೆಗೆ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಅಧಿಕಾರಿಣಿ ಫೈಲು ನೋಡಿ ಒಂದೊಂದೇ ಪ್ರಶ್ನೆ ಕೇಳಿ ಕೊನೆಗೆ, “ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ?” ಅಂದರು.

ದೇವರೇ ಬಾಗಿಲು ತೆರೆದಂತಾಯಿತು! “ನನಗೆ ಹಾರ್ಟ್ ಪ್ರಾಬ್ಲಂ” ಎಂದು ಕೈಯನ್ನು ಎದೆಗೆ ಒತ್ತಿಕೊಂಡೆ. ಕೈ ಬಲಗಡೆಗೆ ಹೋಗಿತ್ತು. ಹೆಂಡತಿ ಕೆಮ್ಮಿದಳು. ಎಡಗಡೆಗೆ ಸರಿಸಿದೆ. “ಡಾಕ್ಟರು ಯಾವ ಜವಾಬ್ದಾರಿಯೂ ಬೇಡ ಅಂದಿದ್ದಾರೆ...”

ಅಧಿಕಾರಿಣಿ ಫೈಲು ಮುಚ್ಚಿದರು. ಹುಡುಗಿ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದಳು. “ಪರವಾಲೇದು ಮಾವಯ್ಯಾ, ಮೊದಲು ನೀರು ಕುಡೀರಿ” ಅಂದಳು. ಅಕ್ಕನನ್ನು ಅವಳು ಅಮ್ಮ ಅನ್ನುತ್ತಿದ್ದಳು; ಅಮ್ಮನ ತಮ್ಮನಲ್ಲವೇ, ತೆಲುಗಿನ ರೂಢಿಯಂತೆ ನಾನು ಮಾವಯ್ಯ. ಆ ನೀರನ್ನು ನಾನು ಪೂರ್ತಿ ಕುಡಿದೆ.

ಟ್ರಸ್ಟಿಗೆ ಕೊಡುವ ಯಾರೋ ಪುಣ್ಯಾತ್ಮರು ಅವಳ ಹಾಸ್ಟೆಲ್ ಖರ್ಚು ಹೊತ್ತುಕೊಂಡರು. ಅವಳ ಮುಖವನ್ನೇ ಕಾಣದ ಮನುಷ್ಯ ಮಾಡಿದ್ದನ್ನು ಮಾವ ಅನ್ನಿಸಿಕೊಂಡವನು ಮಾಡಲಿಲ್ಲ.

ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ! ಮರುವಾರ ಅಕ್ಕ ಬೆಳಗಿನ ರೈಲಿಗೆ ಬಂದಿಳಿದಳು. ಟ್ರಸ್ಟಿನ ಮಕ್ಕಳನ್ನು ಬಿಟ್ಟಿಯಾಗಿ ನೋಡುವ ಹೃದಯದ ಡಾಕ್ಟರ ಬಳಿ ನನ್ನ ಹೆಸರು ಬರೆಸಿಯೇ ಬಂದಿದ್ದಳು. ಯಾರೋ ದಾನ ಕೊಟ್ಟ ಊರುಗೋಲೊಂದು ಬೇರೆ. ಮೂರು ವರ್ಷ ನಾನು ಆ ಡಾಕ್ಟರಿಂದ ತಪ್ಪಿಸಿಕೊಂಡ ಪರಿ ಬರೆದರೆ ಇನ್ನೊಂದು ಪ್ರಬಂಧವಾದೀತು. ನನ್ನ ಸುಳ್ಳು ಬಲ್ಲ ಹೆಂಡತಿ ಬೈಯಲಿಲ್ಲ. ಸಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದಳು. “ಹಾರ್ಟಿನವರಿಗೆ ಉಪ್ಪು ಆಗಬಾರದಲ್ಲ!”

ಎಲ್ಲಕ್ಕಿಂತ ಭಯಂಕರವಾದದ್ದು ಭಾನುವಾರ. ಪ್ರತಿ ಭಾನುವಾರ ಹತ್ತು ಗಂಟೆಗೆ ಆ ಹುಡುಗಿ ಹಾಜರ್. “ಮಾವಯ್ಯಾ, ಎದೆ ಹೇಗಿದೆ?” ತರಕಾರಿ ತರುತ್ತಿದ್ದಳು, ನೀರಿನ ಬಿಂದಿಗೆ ಎತ್ತಿಡುತ್ತಿದ್ದಳು, ನಾನು ಸ್ಟೂಲು ಹತ್ತಲು ಬಿಡುತ್ತಿರಲಿಲ್ಲ. ಮೊದಲ ವರ್ಷ ಥರ್ಮಾಮೀಟರ್ ತಂದಳು. ಆಮೇಲೆ ಮಣಿಕಟ್ಟು ಹಿಡಿದು ಗಡಿಯಾರ ನೋಡತೊಡಗಿದಳು. ಎರಡನೇ ವರ್ಷ ಬಿ.ಪಿ. ಪಟ್ಟಿ, ಸ್ಟೆತಾಸ್ಕೋಪು! ಅವಳ ಪಾಠ ಮುಂದೆ ಹೋದಂತೆಲ್ಲ ನನ್ನ ಬೆವರು ಹೆಚ್ಚಿತು. ಒಳ್ಳೆಯದೇ ಆಯಿತು, ಬೆವರು ನೋಡಿದವರು ಕಾಯಿಲೆ ನಿಜ ಅಂದುಕೊಂಡರು. ಬಾಗಿಲು ತಟ್ಟಿದ ಶಬ್ದಕ್ಕೆ ಎದೆ ಢವಗುಟ್ಟುತ್ತಿತ್ತು. ಈ ಹೊತ್ತು ಸಿಕ್ಕಿಬೀಳುತ್ತೇನೆ, ಈ ಹೊತ್ತು ಖಂಡಿತ. ಹೀಗೆ ಮೂರು ವರ್ಷದ ಭಾನುವಾರಗಳನ್ನು ಕಳೆದೆ.

ಕೊನೆಯ ಭಾನುವಾರ ಅವಳು ಹೇಳಿಹೋಗಲು ಬಂದಳು. ವಿಜಯವಾಡದ ಆಸ್ಪತ್ರೆಯೊಂದರಲ್ಲಿ, ಮಕ್ಕಳ ವಾರ್ಡಿನಲ್ಲಿ ಕೆಲಸ ಸಿಕ್ಕಿತ್ತು. ಬಿ.ಪಿ. ನೋಡಿ ಪಟ್ಟಿ ಸುತ್ತಿಡುತ್ತ, ತಲೆ ಎತ್ತದೆ ಅಂದಳು: “ಮಾವಯ್ಯಾ, ನಿಮ್ಮ ಎದೇಗೇನೂ ಆಗಿಲ್ಲ. ನನಗೆ ಮೊದಲನೇ ತಿಂಗಳೇ ಗೊತ್ತು.”

ನನಗೆ ಕುರ್ಚಿಯೇ ಜಾರಿದಂತಾಯಿತು. “ಹೇಗೆ?”

“ಜಂಕ್ಷನ್ನಲ್ಲಿ ಎರಡು ಚೀಲ ಹಿಡ್ಕೊಂಡು ಬಸ್ಸಿನ ಹಿಂದೆ ಓಡ್ತಿದ್ರಿ. ಆ ಬಸ್ಸಲ್ಲಿ ನಾನೂ ಇದ್ದೆ.” ನಕ್ಕಳು. “ಬಹಳ ಚೆನ್ನಾಗಿ ಓಡ್ತೀರಿ.”

“ಮತ್ತೆ... ಮೂರು ವರ್ಷ ಯಾಕೆ ಬಂದೆಯಮ್ಮಾ?”

ಅವಳು ಪಟ್ಟಿಯನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದಳು.

“ಭಾನುವಾರ ಹಾಸ್ಟೆಲ್ ಹುಡುಗೀರೆಲ್ಲ ಮನೆಗೆ ಹೋಗ್ತಾರೆ ಮಾವಯ್ಯಾ. ಗೇಟ್ ಹತ್ರ ಪುಸ್ತಕ ಇಟ್ಟಿರ್ತಾರೆ, ಎಲ್ಲಿಗೆ ಹೋಗ್ತೀವಿ ಅಂತ ಬರೀಬೇಕು. ಅಮ್ಮನ ಮನೆ ದೂರ, ವಾರವಾರ ಆಗಲ್ಲ. ನಾನು ‘ಮಾವಯ್ಯನ ಮನೆ, ಗಾಜುವಾಕ’ ಅಂತ ಬರೀತಿದ್ದೆ. ನಿಮಗೆ ಹುಷಾರಿಲ್ಲ ಅಂದ್ರೇನೇ ಅಲ್ವಾ ನಾನು ಬರೋಕಾಗೋದು? ನಿಮಗೆ ಎಲ್ಲಿ ವಾಸಿಯಾಗಿಬಿಡುತ್ತೋ ಅಂತ ಪ್ರತಿ ವಾರ ಹೆದರ್ಕೊಂಡೇ ಬಾಗಿಲು ತಟ್ತಿದ್ದೆ.”

ಬಾಗಿಲ ಒಳಗೆ ನಾನು ನಡುಗುತ್ತಿದ್ದಾಗ ಹೊರಗೆ ಅವಳೂ ನಡುಗುತ್ತಿದ್ದಳು. ಇಷ್ಟು ಕೇಳಿದ ಮೇಲಾದರೂ ಮನುಷ್ಯನಾದವನು ಏನನ್ನಬೇಕು? ನಾನು ಅಂದದ್ದು: “ಬಸ್ಸಿಗೆ ಹೊತ್ತಾಯಿತು, ಹೊರಡು.” ಅವಳು ಕಾಲಿಗೆ ನಮಸ್ಕಾರ ಮಾಡಿ ಹೊರಟಳು.

ಅಕ್ಕನನ್ನು ಕೊನೆಯವರೆಗೆ ನೋಡಿಕೊಂಡದ್ದು ಅವಳೇ. ಹೆತ್ತ ಮಗಳೂ ಅಷ್ಟು ನೋಡಿಕೊಳ್ಳುವುದು ಕಷ್ಟ. ಇವತ್ತಿಗೂ ಭಾನುವಾರ ಫೋನ್ ಮಾಡುತ್ತಾಳೆ. “ಎದೆ ಹೇಗಿದೆ ಮಾವಯ್ಯಾ?” ತಪ್ಪಾಯಿತು ಅನ್ನಲು ಬಾಯಿ ತೆರೆಯುತ್ತೇನೆ. ತಪ್ಪೊಪ್ಪಿಕೊಂಡರೆ ಕಾಯಿಲೆ ವಾಸಿಯಾದಂತೆ. ವಾಸಿಯಾದರೆ ಫೋನ್ ನಿಂತುಹೋದರೆ? “ಸ್ವಲ್ಪ ನೋವಿದೆಯಮ್ಮಾ” ಅನ್ನುತ್ತೇನೆ. ಈಗ ಅದು ಸುಳ್ಳಲ್ಲ.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳಿದ್ದೇನೆ. ಇದು ಸೇರಬೇಕಾದವಳ ಹೆಸರು ನಾಗಮಣಿ.