ಕಾಕಾನ ಪ್ರಾರ್ಥನೆಗೆ ಆಮೆನ್ ಅಂದವರು

ಕಣ್ಣು ತೆರೆದಿರುವವರೆಗೆ ನಮ್ಮ ಕಾಕಾನಷ್ಟು ನಿರುಪದ್ರವಿ ಮನುಷ್ಯ ಇಡೀ ಬೆಳಗಾವಿಯಲ್ಲಿ ಇರಲಿಲ್ಲ. ಅಪಾಯ ಶುರುವಾಗುತ್ತಿದ್ದುದು ಅವರು ಕಣ್ಣು ಮುಚ್ಚಿ ಕೈ ಜೋಡಿಸಿದ ಮೇಲೆ. ಅಂಥವರಿಗೆ ನನ್ನ ಹೊಸ ಮನೆಯ ಪ್ರವೇಶದ ಪ್ರಾರ್ಥನೆ ವಹಿಸಿದ ಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು? ನಳದ ಕನೆಕ್ಷನ್ ಅಷ್ಟು ಬೇಗ ಹೇಗೆ ಸಿಕ್ಕಿತೆಂದು ಅವರು ದೇವರಿಗೆ ವರದಿ ಒಪ್ಪಿಸಬಹುದು. ಮುನ್ಸಿಪಾಲಿಟಿಯವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಹಿತ್ತಲ ಗೋಡೆ ಬಾಜು ಮನೆಯವರ ಜಾಗದೊಳಗೆ ಕೊಂಚ ಕಾಲು ಚಾಚಿದ್ದನ್ನು ಹೇಳಬಹುದು. ಅಡುಗೆಮನೆಗಾಗಿ ನನ್ನ ತಾಯಿಗೂ ಹೆಂಡತಿಗೂ ನಡೆದ ಯುದ್ಧವನ್ನು ವಿವರಿಸಿ ಶಾಂತಿ ಬೇಡಬಹುದು. ಶಾಮಿಯಾನ ಬೀಳುವುದು, ಬಿರಿಯಾನಿ ತಳ ಹತ್ತುವುದು ಇವೆಲ್ಲ ಇದರ ಮುಂದೆ ಚಿಲ್ಲರೆ ಚಿಂತೆಗಳು.

ನನ್ನ ಭಯಕ್ಕೆ ಆಧಾರವಿತ್ತು. ಬೇರೆಯವರು ಪ್ರಾರ್ಥನೆಗೆಂದು ಪುಸ್ತಕದ ಕನ್ನಡ ತೊಟ್ಟುಕೊಳ್ಳುತ್ತಾರೆ. ಕಾಕಾ ದೇವರ ಜೊತೆ ಕಟ್ಟೆಯ ಮೇಲೆ ಕೂತವರಂತೆ ಮಾತಾಡುತ್ತಿದ್ದರು, ಮತ್ತು ಅಲ್ಲಿ ಒಂದು ಸುಳ್ಳನ್ನೂ ಸೇರಿಸುತ್ತಿರಲಿಲ್ಲ. ಒಬ್ಬರ ಮನೆಯಲ್ಲಿ ಊಟದ ಮುಂದೆ, "ಕರ್ತನೇ, ದಾರಿಯೊಳಗ ಭಜಿ ತಿಂದೇವಿ, ಹಸಿವಿಲ್ಲ. ಒತ್ತಾಯಕ್ಕ ಕುಂತೇವಿ, ಉಣ್ಣೂ ಶಕ್ತಿ ಕೊಡು" ಅಂದರು. ಹಾಸಿಗೆ ಹಿಡಿದ ಮುದುಕಿಯೊಬ್ಬಳ ತಲೆಯ ಮೇಲೆ ಕೈಯಿಟ್ಟು, "ಈಕಿನ್ನ ಆರಾಮ ಮಾಡು. ಸೊಸಿ ಮನಸ್ಸಿನ್ಯಾಗ ಬ್ಯಾರೇ ಬೇಡಾಕತ್ತಾಳ, ಅದನ್ನ ಕೇಳಬ್ಯಾಡ" ಅಂದರು. ಮುದುಕಿ ಎದ್ದು ಕೂತಳು. ಸೊಸೆ ಚರ್ಚನ್ನೇ ಬದಲಿಸಿದಳು.

ಇಲ್ಲಿಯವರೆಗೆ ನಗಬಹುದು. ಮುಂದಿನದು ಎಪ್ಪತ್ತರ ದಶಕದ ಮಾತು. ಕಾಕಾ ಉದ್ಯಮಬಾಗದ ಒಂದು ಕಾರಖಾನೆಯಲ್ಲಿ ಸೂಪರ್‌ವೈಜರ್ ಆಗಿದ್ದರು. ಮಾಲಕರು ನಮ್ಮದೇ ಚರ್ಚಿನ ಹಿರಿಯರು. ತಗಡು ಒತ್ತುವ ಪ್ರೆಸ್ ಮಶೀನಿನೊಳಗೆ ಕೈ ಹೋಗದಂತೆ ಒಂದು ಜಾಲರಿ ಇರುತ್ತದೆ. ಅದಿದ್ದರೆ ಕೆಲಸ ನಿಧಾನ. ಮಾಲಕರು ತೆಗೆಯಲು ಹೇಳಿದರು, ಕಾಕಾ ತೆಗೆದರು. ಆ ಮಳೆಗಾಲದಲ್ಲೇ ಒಬ್ಬ ಕೆಲಸಗಾರನ ಬಲಗೈ ಬೆರಳುಗಳು ಹೋದವು. ಜಾಲರಿ ಕಿತ್ತವನು ಅವನೇ ಎಂದು ಕಾರಖಾನೆ ಹೇಳಿತು. ಬಾಯಿ ಮುಚ್ಚಿಕೊಂಡಿದ್ದರೆ ವಾಚ್‌ಮನ್ ಕೆಲಸ ಕೊಡುತ್ತೇವೆಂದು ಅವನಿಗೆ ಮಾಲಕರ ಭರವಸೆ. ಅವನು ಸುಮ್ಮನಾದ. ಕಾಕಾನೂ ಸುಮ್ಮನಿದ್ದರು. ಮನೆಯಲ್ಲಿ ಊಟದ ಪ್ರಾರ್ಥನೆ ಮಾತ್ರ ದಿನದಿಂದ ದಿನಕ್ಕೆ ಗಿಡ್ಡವಾಗುತ್ತ ಬಂತು.

ಅಷ್ಟರಲ್ಲಿ ಹೊಸ ಶೆಡ್ಡಿನ ಉದ್ಘಾಟನೆ ಬಂತು. ಪಾಸ್ಟರರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮಾಲಕರು ಕಾಕಾನತ್ತ ತಿರುಗಿ, "ನೀವ ಎರಡ ಮಾತು ಪ್ರಾರ್ಥನಾ ಮಾಡ್ರಿ. ಸಣ್ಣದ ಮಾಡ್ರಿ ಮತ್ತ" ಅಂದರು.

ಕಾಕಾ ಸಣ್ಣದೇ ಮಾಡಿದರು.

"ಕರ್ತನೇ, ಈ ಶೆಡ್ಡಿಗೆ ನಿನ್ನ ಆಶೀರ್ವಾದ ಇರಲಿ. ಆ ಶೆಡ್ಡಿನ ಪ್ರೆಸ್ಸಿನ ಜಾಲರಿ ಬೆರಳ ಹೋದಾಂವ ಕಿತ್ತಿಲ್ಲ. ಮಾಲಕರು ಹೇಳಿದ್ರು, ನಾ ತಗದೆ. ನಮ್ಮಿಬ್ಬರನ್ನೂ ಕ್ಷಮಿಸು. ಆಮೆನ್."

"ಆಮೆನ್" ಎಂದಿತು ಇಡೀ ಸಭೆ. ರೂಢಿ ನೋಡಿ, ಮಾಲಕರೂ ಅಂದರು. ಅತಿಥಿಯಾಗಿ ಬಂದಿದ್ದ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಸಾಹೇಬರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಸುತ್ತಲೂ ನೋಡಿ ಕೊಂಚ ತಡವಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಅಂದರು.

ಆಮೇಲೆ ವಿಚಾರಣೆ, ಪ್ರೆಸ್ ಶೆಡ್ಡಿಗೆ ಬೀಗ. ಕಾಕಾನ ನೌಕರಿ ಹೋಯಿತು, ಅದರ ಹಿಂದೆಯೇ ಕಂಪನಿಯ ಕ್ವಾರ್ಟರ್ಸು. ಚರ್ಚಿನಲ್ಲಿ ಅವರು ಕೂತ ಬೆಂಚಿನಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗ ಸಿಗತೊಡಗಿತು. ಅದನ್ನೆಲ್ಲ ಅವರು ತಡೆದುಕೊಂಡರು. ಸಾಮಾನು ಟ್ರಕ್ಕಿಗೆ ಏರಿಸುವ ದಿನ ಬೆರಳು ಹೋದವನ ಹೆಂಡತಿ ಬಂದು ನಿಂತಳು. ಅವನಿಗೆ ಸಿಗಬೇಕಿದ್ದ ವಾಚ್‌ಮನ್ ಕೆಲಸವೂ ಹೋಗಿತ್ತು.

"ನಿಮ್ಮ ದೇವರಿಗೆ ಹೇಳೂದನ್ನ ಮನಸ್ಸಿನ್ಯಾಗ ಹೇಳಿದ್ರ ಕೇಳಸ್ತಿರಲಿಲ್ಲೇನ್ರಿ ಅವಗ?"

ಕಾಕಾ ಕೈಯಲ್ಲಿದ್ದ ಗಂಟನ್ನು ಕೆಳಗಿಳಿಸಿ, ಮತ್ತೆ ಎತ್ತಿ ಟ್ರಕ್ಕಿಗೆ ಹಾಕಿದರು. ಖಾನಾಪುರಕ್ಕೆ ಹೋಗಿ ಹಂಚಿನ ಭಟ್ಟಿಗೆ ಕಟ್ಟಿಗೆ ಒಟ್ಟುವ ಕೆಲಸ ಹಿಡಿದರು. ಪ್ರಾರ್ಥನೆಗೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಅವರೂ ಬಾಯಿ ತೆರೆಯಲಿಲ್ಲ.

ವರ್ಷಗಳು ಕಳೆದು ನಾನು ಮನೆ ಕಟ್ಟಿಸಿದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಬಂದು ನನ್ನ ಮುಂದೆ ಕೂತರು.

"ತಮ್ಮಾ, ಊಟಕ್ಕ ಕುಂತರ ಕಣ್ಣ ಮುಚ್ಚತಾರ, ತಗೀತಾರ. ಒಂದ ಶಬ್ದ ಇಲ್ಲ. ನನಗ ಆ ಅನ್ನ ಇಳಿಯೂದಿಲ್ಲ. ನಿನ್ನ ಮನಿ ಪ್ರಾರ್ಥನಾಕ್ಕ ಅವರನ್ನ ಕರಿ."

"ಆಮ್ಯಾಲೆ ನನ್ನ ಮನಿ ನಿಂದರಬೇಕಲ್ಲ ಕಾಕು?"

"ಗಟ್ಟಿ ಕಟ್ಟಿದ್ರ ನಿಂದರ್ತೈತಿ."

ಹೀಗೆ ಆ ದಿನ ಬಂತು. ಕಾಕಾ ಪಡಸಾಲೆಯ ನಡುವೆ ನಿಂತು ಕಣ್ಣು ಮುಚ್ಚಿದರು. ಕಾಕು ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ನಾನು ಒಂದು ಕಣ್ಣನ್ನು ಕಾಕಾನ ಮೇಲೇ ಇಟ್ಟಿದ್ದೆ.

"ಕರ್ತನೇ, ಭಾಳ ದಿನಾ ಆತು." ಧ್ವನಿ ತುಕ್ಕು ಹಿಡಿದ ಬಾಗಿಲಿನಂತೆ ಬಂತು. "ಈ ಮನಿ ಕಟ್ಟಿದಾಂವ ಅಂಜುಬುರುಕ. ಈಗೂ ಒಂದ ಕಣ್ಣ ತಗದ ನನ್ನ ನೋಡಾಕತ್ತಿರಬೇಕು."

ಜನ ನಕ್ಕರು.

"ಅಂಜಿಕೋತನ ನನ್ನ ಕರದಾನ. ಬ್ಯಾರೇ ಯಾರೂ ಕರೀಲಿಲ್ಲ. ಇವನ್ನ ಕಾಯಿ. ಆಮೆನ್."

ಕಾಕು ಎಲ್ಲರಿಗಿಂತ ಮೊದಲು ಆಮೆನ್ ಅಂದರು, ಆಮೇಲೆ ಪಡಸಾಲೆ ತುಂಬ ಜನ. ನಳದ ಸುದ್ದಿ ಬರಲಿಲ್ಲ, ಗೋಡೆಯ ಸುದ್ದಿಯೂ ಬರಲಿಲ್ಲ. ಶಾಮಿಯಾನ ನಿಂತಿತು, ಬಿರಿಯಾನಿ ಹತ್ತಲಿಲ್ಲ. ಕೆಟ್ಟದ್ದು ಒಂದೇ, ಅದೂ ಸಣ್ಣದು: ಮನೆಯ ಯಜಮಾನ ಎರಡೂ ಕಣ್ಣು ಮುಚ್ಚಿಕೊಂಡು ನಿಂತು ಆಮೆನ್ ಅನ್ನುವುದನ್ನೇ ಮರೆತ.