ಕೆಂಪು ಪಾಚಿಯೂ ಮಾವನವರ ಚೇಲೆಯೂ

ತಪ್ಪು ಮಾಡಿ ಬೈಸಿಕೊಳ್ಳುವುದು ಸುಲಭ. ಒಂದು ಹೊತ್ತು ತಲೆ ಬಗ್ಗಿಸಿದರೆ ಮುಗಿಯಿತು. ತಪ್ಪು ಮಾಡಿ ಹೊಗಳಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ಕೊನೆಯೇ ಇಲ್ಲ. ನಾನು ಸದ್ಯ ಅನುಭವಿಸುತ್ತಿರುವುದು ಈ ಎರಡನೆಯ ಶಿಕ್ಷೆಯನ್ನು.

ನಾನು ಸಿದ್ದಾಪುರದಲ್ಲಿ ವಿಜ್ಞಾನದ ಮೇಷ್ಟ್ರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಶಾಲೆಗೆ ಒಂದು ಸೂಕ್ಷ್ಮದರ್ಶಕ ಬಂತು. ನನ್ನ ವಿನಾಶಕ್ಕೆ ಅಷ್ಟು ಸಾಕಾಯಿತು. ಬಚ್ಚಲ ಗೋಡೆಯ ಬುಡದಲ್ಲಿ ನೆತ್ತರು ಚೆಲ್ಲಿದಂತೆ ಹಬ್ಬಿದ್ದ ಲೋಳೆಯನ್ನು ಅದರಡಿ ಇಟ್ಟು ನೋಡಿ, ಇದು ಕೆಂಪು ಪಾಚಿ, ಇದರಿಂದ ಬಣ್ಣ ತೆಗೆಯಬಹುದು ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಅದುವರೆಗೆ ಅದನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುತ್ತಿದ್ದಳು. ನಾನು ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ಖಾಲಿ ಮಾಡಿ, ಉಪ್ಪುನೀರು ತುಂಬಿ, ಪಾಚಿಯನ್ನು ಬಿಟ್ಟು ಕಿಟಕಿಯಲ್ಲಿ ನಿಲ್ಲಿಸಿದೆ. ಮಕ್ಕಳ ಜ್ವರವನ್ನು ಮುಟ್ಟಿ ನೋಡದ ಮನುಷ್ಯ ನಾನು, ಭರಣಿಗಳಿಗೆ ಬಿಸಿಲು ತಾಗೀತೆಂದು ಪರದೆ ಕಟ್ಟಿದೆ.

"ಇನ್ನು ಉಪ್ಪಿನಕಾಯಿ ಎಲ್ಲಿ ಹಾಕುದು?" ಎಂದಳು.

"ವಿಜ್ಞಾನಕ್ಕೆ ತ್ಯಾಗ ಬೇಕು."

"ತ್ಯಾಗ ಎಲ್ಲ ನಂದೇ ಎಂತಕೆ?"

ಅಷ್ಟರಲ್ಲಿ ಅವಳ ತಮ್ಮನಿಗೆ ಮದುವೆ ನಿಶ್ಚಯವಾಯಿತು. ಮದುಮಗ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆಯ ಚೇಲೆ, ತೀರಿಹೋದ ಮಾವನವರು ತಮ್ಮ ಮದುವೆಯಲ್ಲಿ ಕಟ್ಟಿದ್ದು, ಪೆಟ್ಟಿಗೆಯಲ್ಲೇ ಬಿಳಿಚಿಕೊಂಡಿತ್ತು. ಅದನ್ನೇ ಮಗ ಕಟ್ಟಬೇಕೆಂಬುದು ಅತ್ತೆಯ ಆಸೆ. ನಾನು ಗಂಟಲು ಸರಿಪಡಿಸಿಕೊಂಡು ಮುಂದೆ ಬಂದೆ. ಪಾಚಿಯನ್ನು ಅರೆದು, ಸೋಸಿ, ಚೇಲೆಯನ್ನು ತಣ್ಣೀರಿನ ಬಣ್ಣದಲ್ಲಿ ಅದ್ದಿ, ನೆರಳಲ್ಲಿ ಆರಿಸಿದೆ. ಹಣ್ಣಾದ ಕಾಫಿಯ ಕೆಂಪು. ಹೆಂಡತಿ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದಳು.

ಮದುವೆಯ ಬೆಳಗ್ಗೆ ಅತ್ತೆ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಚೇಲೆಯ ಮೇಲೆ ಎಳೆದರು. ಪೆಟ್ಟಿಗೆ ಹೋದಲ್ಲೆಲ್ಲ ಕೆಂಪು ಮಾಯವಾಗಿ ಗಂಜಿಯ ಬಣ್ಣ ಬಂತು. ಪಾಚಿಯ ಬಣ್ಣಕ್ಕೆ ಬಿಸಿ ಆಗದು ಎಂಬ ವೈಜ್ಞಾನಿಕ ಸತ್ಯ ನನಗೆ ಗೋಚರವಾದದ್ದು ಆಗ.

"ಅವ್ರ ಚೇಲೆನ ನಾನೇ ಕೈಯಾರೆ ಹಾಳ್ ಮಾಡ್ದೆ" ಎಂದು ಅತ್ತೆ ಕುಸಿದು ಕುಳಿತರು.

ನಾನು ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಹೆಂಡತಿ ನನ್ನ ಮುಖ ನೋಡುವವರೆಗೆ. ಆಮೇಲೆ, "ಅತ್ತೆ, ತಪ್ಪು ನಿಮ್ಮದಲ್ಲ, ನಾನು ಹಾಕಿದ ಬಣ್ಣದ್ದು" ಎಂದೆ.

ಅತ್ತೆ ಕಣ್ಣೊರೆಸಿಕೊಂಡು ನೆಂಟರತ್ತ ತಿರುಗಿದರು. "ಕೇಳ್ದಿರಾ? ನನ್ನ ತಪ್ಪುನ ತನ್ನ ತಲೆಗೆ ಹಾಕ್ಕಂಡ್ರು. ಇಂಥ ಅಳಿಯ ಯಾರಿಗೆ ಉಂಟು?"

ಮದುಮಗ ಪಕ್ಕದ ಮನೆಯ ಚೇಲೆ ಕಟ್ಟಿ ಮದುವೆಯಾದ. ನಾನು ಆಮೇಲೂ ಅತ್ತೆಗೆ ವಿವರಿಸಿದೆ, ಪಾಚಿಯ ಜೀವಕೋಶದಿಂದ ಹಿಡಿದು. ವಿವರಿಸಿದಷ್ಟೂ ನನ್ನ ಔದಾರ್ಯ ಬೆಳೆಯಿತು. "ಇನ್ನೂ ಹೇಳಿರೆ ಅವ್ವ ನಿಮ್ಮ ಪಟ ಗೋಡೆಗೆ ತೂಗ್ಸುದೇ" ಎಂದಳು ಹೆಂಡತಿ. ಅತ್ತೆ ಈಗಲೂ ಆ ಚೇಲೆಯನ್ನು ಮಡಚುವಾಗ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರಂತೆ. ಅದನ್ನು ಕೇಳಿದ ಮೇಲೆ ನನಗೆ ಅವರ ಎದುರು ಕೂರಲಾಗುವುದಿಲ್ಲ.

ಆದರೂ ಮೊನ್ನೆ ಕೂರಬೇಕಾಯಿತು. ಅತ್ತೆ ನನ್ನ ಎಲೆಗೆ ಎರಡನೆಯ ಸಲ ಹಂದಿ ಕರಿ ಬಡಿಸಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ತಿಳಿದು ಮತ್ತೊಂದು ಸೌಟು ಹಾಕಿದರು. ತಿಂದೆ.