ಹದಿನೆಂಟು ದಿನ ಒಂದೇ ಕೋಣೆಯಲ್ಲಿ

ಕಾಡುಪ್ರಾಣಿಗಳಿಗೆ ಮುಜುಗರವಾಗಬಾರದು ಅಂತ ಅವುಗಳಿಗೆ ಬೆನ್ನು ಹಾಕಿ ನಿಲ್ಲುವ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇರಬೇಕು. ನಾನು ಮದುವೆಯಾಗಿರುವುದು ಅವನನ್ನೇ! ನಂಬಿಕೆ ಬರದಿದ್ದರೆ ಲಡಾಖಿನ ಕಾಡುಕತ್ತೆಗಳನ್ನು ಕೇಳಿ. ಅವೂ ಇನ್ನೂ ಗೊಂದಲದಲ್ಲಿವೆ.

ಮೊದಲು ಪೀಠಿಕೆ. ನನಗೆ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ಅವನಿಗೆ ತಿರುವನಂತಪುರದಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಕೊಚ್ಚಿ ಪಕ್ಕದ ಆಲುವದ ನನ್ನ ಮನೆಗೆ ಬರುತ್ತಾನೆ, ಭಾನುವಾರ ಮಧ್ಯಾಹ್ನದ ರೈಲಿಗೆ ಮರಳುತ್ತಾನೆ. ಮದುವೆಯಾಗಿ ಮೂರು ವರ್ಷದಿಂದ ಇದೇ ಸಂಸಾರ. ಏರ್ಪಾಟು ನನ್ನದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್‌ಗಳನ್ನು ಹೊತ್ತು ತಂದವಳು ನಾನು. ಮೈಸೂರಿನ ನನ್ನಮ್ಮನನ್ನೂ ಕಾಸರಗೋಡಿನ ಅತ್ತೆಯನ್ನೂ ಎದುರು ಕೂರಿಸಿಕೊಂಡು, ದಿನಾ ಮುಖ ನೋಡಿದರೆ ಜಗಳ, ವಾರಕ್ಕೆರಡು ದಿನ ನೋಡಿದರೆ ಹಬ್ಬ ಎಂದು ಸಾಧಿಸಿದ್ದೆ. ಇಬ್ಬರೂ ಸೋತರು. ಅವನು ಸೋಲಲಿಲ್ಲ, ಯಾಕೆಂದರೆ ವಾದಕ್ಕೇ ಇಳಿಯಲಿಲ್ಲ. ಈ ಬೇಸಿಗೆಯಲ್ಲಿ ಮಾತ್ರ ಹದಿನೆಂಟು ದಿನದ ರಜೆ ಹೊಂದಿಸಿ ಬಂದು ಅಂದ: "ಲಡಾಖಿಗೆ ಹೋಗಿ ಇಷ್ಟು ದಿನ ಒಂದೇ ಕೋಣೆಯಲ್ಲಿ ಒಟ್ಟಿಗೆ ಇದ್ದು ನೋಡುವಾ ಮಾರಾಯ್ತಿ. ಮತ್ತೆ ನೀನೇ ಹೇಳು, ಒಂದು ಮನೆಯಾ ಎರಡಾ ಅಂತ."

ವಾದಿಯೇ ನ್ಯಾಯಾಧೀಶೆ! ಇಂಥ ಮೊಕದ್ದಮೆಯನ್ನು ಯಾರು ಬಿಟ್ಟಾರು?

ಸಾಕ್ಷ್ಯ ಮೊದಲ ದಿನದಿಂದಲೇ ಒದಗತೊಡಗಿತು. ಹಿಮಬೆಟ್ಟಕ್ಕೆ ಹೊರಟವನು ಒಂದು ಬಾಟಲಿ ತೆಂಗಿನೆಣ್ಣೆ ತಂದಿದ್ದ. ಅದು ಅಲ್ಲಿ ಕಲ್ಲಾಗದೆ ಇನ್ನೇನಾದೀತು? ಜ್ವರ ಬಂದ ಕೂಸಿನಂತೆ ಅದನ್ನು ಜಾಕೆಟ್ಟಿನೊಳಗೆ ಎದೆಗವಚಿಕೊಂಡು ಮಲಗಿದ. ನನ್ನ ಪಾಲಿಗೆ ಬಂದದ್ದು ತಣ್ಣನೆಯ ಗೋಡೆ. ಆಮೇಲೆ ಲಡಾಖಿ ಡ್ರೈವರನ್ನು, ಕೇರಳದ ಆಟೋದವರನ್ನು ಕರೆದಂತೆ, "ಚೇಟ್ಟಾ" ಎಂದು ಅಣ್ಣನಾಗಿಸಿಕೊಂಡ. ಮೂರು ದಿನ ತಿದ್ದಿದೆ. ನಾಲ್ಕನೆಯ ದಿನ ಆ ಡ್ರೈವರೇ ಇವನನ್ನು "ಚೇಟ್ಟಾ" ಎಂದು ಕರೆಯತೊಡಗಿದ. ನನ್ನನ್ನು ಯಾರೂ ಏನೂ ಕರೆಯಲಿಲ್ಲ.

ಕತ್ತೆಗಳ ವಿಷಯಕ್ಕೆ ಬರುತ್ತೇನೆ. ಆರು ಗಂಟೆ ಸೊಂಟ ಮುರಿಸಿಕೊಂಡು ಹೋದ ಮೇಲೆ ಹುಲ್ಲುಗಾವಲಿನಲ್ಲಿ ಒಂದು ಹಿಂಡು ಕಾಣಿಸಿತು. ಇವನು ಜೀಪಿನಿಂದಿಳಿದು ಒಂದು ಕ್ಷಣ ನೋಡಿ, ತಟ್ಟನೆ ಬೆನ್ನು ತಿರುಗಿಸಿದ. ಏನಾಯಿತು ಎಂದೆ.

"ನೀನು ಊಟ ಮಾಡುವಾಗ ಯಾರಾದರೂ ದುರ್ಬೀನು ಹಿಡಿದು ನಿಂತರೆ ಹೇಗೆ ಆಗ್ತದೆ?"

"ಹಾಗಾದರೆ ಇಷ್ಟು ದೂರ ಬಂದದ್ದು ಯಾಕೆ?"

"ಅವು ಉಂಟು ಅಂತ ಗೊತ್ತಾಯ್ತಲ್ಲ."

ಇದಕ್ಕೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಹುಡುಕಿಯೇ ಹೇಳುತ್ತಿದ್ದೇನೆ.

ಹಿಮನದಿಯ ಎದುರಿನದು ಇನ್ನೊಂದು ಕತೆ. ಎಲ್ಲರೂ ಫೋಟೋ ಹೊಡೆದು ಹೊರಟರೆ, ಇವನು ಬಂಡೆಯ ಮೇಲೆ ಕೂತುಬಿಟ್ಟ. ಹಿಮನದಿ ಚಲಿಸುತ್ತದಂತೆ, ಚಲಿಸುವುದನ್ನು ನೋಡಬೇಕಂತೆ. ದಿನಕ್ಕೆ ಒಂದು ಗೇಣು ಸರಿದರೆ ಹೆಚ್ಚು ಎಂದೆ. ಹಾಗಾದರೆ ಎರಡು ಗಂಟೆ ಕೂತರೆ ಒಂದು ಬೆರಳಾದರೂ ಸರಿದೀತು ಎಂದ. ಲೆಕ್ಕ ಸರಿಯಿತ್ತು, ಸಂಕಟ ಅದೇ. ಎರಡು ಗಂಟೆ ಕೂತೆವು. ನನ್ನ ಮೂಗು ಇದ್ದೂ ಇಲ್ಲದಂತಾಯಿತು, ಹಿಮನದಿ ಇದ್ದಲ್ಲೇ ಇತ್ತು.

ಹತ್ತು ದಿನ ಕಳೆಯುವಷ್ಟರಲ್ಲಿ ವಾದಿಸುವುದಕ್ಕೂ ತ್ರಾಣವಿಲ್ಲದಷ್ಟು ದಣಿದಿದ್ದೆ. ಬೆಟ್ಟ ನೋಡಿದರೆ ಆಕಳಿಕೆ, ಗಂಡನನ್ನು ನೋಡಿದರೆ ಅದಕ್ಕಿಂತ ದೊಡ್ಡ ಆಕಳಿಕೆ. ತೀರ್ಪು ಮನಸ್ಸಿನಲ್ಲೇ ಬರೆದಿಟ್ಟೆ: ಎರಡು ಮನೆ.

ಎರಡನೆಯ ಭಾನುವಾರ ಎಲ್ಲಿಗೂ ಹೊರಡುವುದಿರಲಿಲ್ಲ. ಮಧ್ಯಾಹ್ನ ಬಟ್ಟೆ ಒಣಹಾಕಿ ಕೋಣೆಗೆ ಬಂದರೆ, ಇವನು ಶೂ ಕಟ್ಟಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದಾನೆ. ಎಲ್ಲಿಗೆ ಎಂದೆ.

"ಮೂರು ಗಂಟೆ ಆಯ್ತಲ್ಲ," ಅಂದ. ಅಂದವನು ಕಿಟಕಿಯಾಚೆಯ ಹಿಮಬೆಟ್ಟ ನೋಡಿ ಬ್ಯಾಗನ್ನು ತೊಡೆಯಿಂದ ಕೆಳಗಿಳಿಸಿದ.

ನನಗೆ ನಗು ತಡೆಯಲಾಗಲಿಲ್ಲ. ಆಲುವ ಸ್ಟೇಷನ್ನಿಗೆ ಇಲ್ಲಿಂದ ನಡೆದೇ ಹೋಗುತ್ತೀಯೋ ಎಂದು ಚುಚ್ಚಿದೆ. ಅವನು ನಗಲಿಲ್ಲ.

"ನನಗೆ ಶನಿವಾರ ಸಂಜೆಯೇ ಭಾನುವಾರ ಶುರುವಾಗ್ತದೆ ಮಾರಾಯ್ತಿ," ಅಂದ. "ನಿನ್ನ ಮನೆಯಲ್ಲಿ ಒಂದು ಭಾನುವಾರವೂ ನಾನು ಮಧ್ಯಾಹ್ನ ಮಲಗಿಲ್ಲ. ಎದ್ದ ಕೂಡಲೇ ಹೋಗಬೇಕಲ್ಲ ಅಂತ."

ನಿನ್ನ ಮನೆ ಅಂದ. ಮೂರು ವರ್ಷದಿಂದ ಹಾಗೇ ಅನ್ನುತ್ತಿದ್ದಿರಬೇಕು. ಅವನನ್ನು ರೈಲಿಗೆ ಕಳಿಸಿ ನಾಲ್ಕಕ್ಕೆ ನಾನು ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ. ರೈಲಿನ ಕಿಟಕಿ ಪಕ್ಕ ಕೂತು ಅವನು ವಾಪಸು ಹೋಗುವ ಆ ನಾಲ್ಕು ತಾಸು ಹೇಗಿರುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಎದುರು ಪಕ್ಷದ ಮಾತನ್ನೇ ಕೇಳದೆ ಗೆದ್ದಿದ್ದೆ.

ನೆಲದ ಮೇಲೆ ಕೂತು ಅವನ ಲೇಸು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಬೆರಳು ಮರಗಟ್ಟಿತ್ತು, ಹೊತ್ತು ಹಿಡಿಯಿತು.

"ಒಂದು," ಅಂದೆ.

"ಎಂತ ಒಂದು?"

"ಮನೆ."

ಅವನು ಶೂ ಕಳಚಿ, ಕಾಲು ಚಾಚಿ ಮಲಗಿದ. ಬ್ಯಾಗನ್ನು ಮಂಚದಡಿಗೆ ತಳ್ಳಿ, ರಜಾಯಿ ಹೊದೆಸಿದೆ. ಸ್ವಲ್ಪ ಹೊತ್ತಿಗೆಲ್ಲ ನಿದ್ದೆ ಬಂದಿತ್ತು, ಬಾಯಿ ಅರೆ ತೆರೆದಿತ್ತು. ಹೊರಗೆ ಬೆಟ್ಟದ ಮೇಲಿನ ಬಿಸಿಲು ಪೂರ್ತಿ ಇಳಿಯುವವರೆಗೂ ನಾನು ಎಬ್ಬಿಸಲಿಲ್ಲ.